ಮಕ್ಕಳಾದ ಮೇಲೆ ನಮ್ಮ ಹವ್ಯಾಸಗಳು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ತಂದೆತಾಯಿಯರ ಸಮಾವೇಶದಲ್ಲಿ ಮಾಡಿದ ಭಾಷಣದ ಪಾಠ)



ತಂದೆತಾಯಿಯರ ಸಮಾವೇಶವೆಂದ ಮೇಲೆ ಮಕ್ಕಳ ವಿದ್ಯಾಭ್ಯಾಸ, ಧರ್ಮೋಪದೇಶ, ಶಿಸ್ತು ಇವುಗಳ ಕುರಿತು ಮಾತು ಬರುವುದು ವಾಡಿಕೆ. ಅವುಗಳನ್ನು ನಮಗಿಂತ ಬಲ್ಲವರು ಬೆಳಗಿನಿಂದಲೂ ವಿವರವಾಗಿ ತಿಳಿಸಿಕೊಟ್ಟಿದ್ದಾರೆ. ನಮ್ಮ ಪಾಲಿಗೆ ಉಳಿದಿರುವುದು ಮೇಲ್ನೋಟಕ್ಕೆ ಹಗುರವೆಂದು ತೋರುವ ವಿಷಯ: ಮಕ್ಕಳಾಗುವುದಕ್ಕೆ ಮೊದಲು ನಮಗೆ ಪ್ರಿಯವಾಗಿದ್ದ ಹವ್ಯಾಸಗಳು ಮಕ್ಕಳಾದ ಮೇಲೆ ಏನಾಗುತ್ತವೆ? ಊಟದ ಹೊತ್ತು ಸಮೀಪಿಸಿರುವಾಗ ಇಂತಹದೊಂದು ವಿಷಯವಿರಲಿ ಎಂದು ಸಮಿತಿಯವರು ಭಾವಿಸಿರಬೇಕು. ಆದರೆ ಯೋಚಿಸುತ್ತ ಹೋದಂತೆ ಇದು ಅಷ್ಟೇನೂ ಹಗುರವಾದದ್ದಲ್ಲವೆಂಬುದು ನಮಗೆ ಮನವರಿಕೆಯಾಯಿತು.

ಹವ್ಯಾಸವೆಂದರೇನು? ಯಾರೂ ಅಪ್ಪಣೆ ಮಾಡದೆ, ಯಾರೂ ಕೂಲಿ ಕೊಡದೆ, ಮನುಷ್ಯ ತನ್ನ ಸಂತೋಷಕ್ಕಾಗಿಯೇ ಕೈಗೊಳ್ಳುವ ಕೆಲಸ. ನಮ್ಮ ಈ ಮಲೆನಾಡಿನ ಸೀಮೆಯಲ್ಲಿ ಇದಕ್ಕೆ ಎಂದೂ ಬರವಿರಲಿಲ್ಲ. ಮೊದಲ ಮಳೆ ಬಿದ್ದ ರಾತ್ರಿ ಲಾಟೀನು ಹಿಡಿದು ಹತ್ತುಮೀನಿಗೆ ಹೊರಟವರು, ಹಬ್ಬದ ನಾಟಕಕ್ಕಾಗಿ ಎರಡು ತಿಂಗಳು ಗಡ್ಡ ಬೆಳೆಸಿದವರು, ಅಂಚೆಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಒಣಗಿಸಿದವರು, ಗಾನವೃಂದದಲ್ಲಿ ಪಿಟೀಲು ಹಿಡಿದವರು, ದೇವಪೀಠದ ವಸ್ತ್ರಕ್ಕೆ ಕ್ರೋಶಾ ಅಂಚು ಹೆಣೆದವರು, ಅಡಿಗೆಮನೆಯ ಬೆಳಕಿನಲ್ಲಿ ಕಾದಂಬರಿ ಓದಿದವರು ಎಲ್ಲರೂ ಈ ಸಭಾಂಗಣದಲ್ಲಿಯೇ ಕುಳಿತಿದ್ದಾರೆ. ಇಂತಹ ಮನೆಗೆ ಒಂದು ತೊಟ್ಟಿಲು ಬರುತ್ತದೆ. ಪಿಟೀಲಿನ ಪೆಟ್ಟಿಗೆ ಬೀರುವಿನ ಮೇಲೇರುತ್ತದೆ. ಅಂಚೆಚೀಟಿಯ ಪುಸ್ತಕ ಮಗುವಿನ ಕೈಗೆ ಸಿಕ್ಕಿ, ಒಂದು ಪುಟ ಅದರ ಹೊಟ್ಟೆಗೂ ಹೋಗುತ್ತದೆ. ಬೆಟ್ಟವನ್ನೂ ಮಂಜನ್ನೂ ಹಿಡಿಯುತ್ತಿದ್ದ ಕ್ಯಾಮೆರಾ ಒಂದೇ ಒಂದು ಪುಟ್ಟ ಮುಖದ ಮುಂದೆ ಮಂಡಿಯೂರುತ್ತದೆ. ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ.

ಇದು ತ್ಯಾಗ, ತಂದೆತಾಯಿಯಾದವರು ಹೀಗೆಯೇ ಇರಬೇಕು ಎನ್ನುವವರುಂಟು. ಮಗು ಹುಟ್ಟಿದ ಮಾತ್ರಕ್ಕೆ ಮನುಷ್ಯ ತನ್ನತನವನ್ನು ಏಕೆ ಬಿಡಬೇಕು ಎನ್ನುವವರೂ ಉಂಟು. ಈ ವಾದವನ್ನು ವಾದವಾಗಿಯೇ ಬೆಳೆಸುವುದಕ್ಕಿಂತ ನಮಗೆಲ್ಲ ಪರಿಚಿತವಾದ ಒಂದು ಕುಟುಂಬದ ಕಡೆಗೆ ನೋಡೋಣ.

ಬಾಲಯೇಸುವಿನ ಸಂತ ತೆರೇಸಾರ ತಂದೆ ಲೂಯಿ ಮಾರ್ಟಿನ್ ಫ್ರಾನ್ಸಿನ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದವರು. ಅವರ ಪರಮ ಪ್ರಿಯವಾದ ಹವ್ಯಾಸ ಗಾಳ ಹಾಕುವುದು. 1857ರಲ್ಲಿ, ಇನ್ನೂ ಅವಿವಾಹಿತರಾಗಿದ್ದಾಗ, ಪಟ್ಟಣದ ಅಂಚಿನಲ್ಲಿ ಒಂದು ತೋಟವನ್ನೂ ಅದರಲ್ಲಿದ್ದ ಪುಟ್ಟ ಗೋಪುರದಂತಹ ಮನೆಯನ್ನೂ ಕೊಂಡರು. ಗಾಳದ ಸಾಮಗ್ರಿ, ಪುಸ್ತಕಗಳು, ಏಕಾಂತ ಎಲ್ಲವೂ ಅಲ್ಲಿ. ಯಾರೋ ಭಕ್ತೆಯೊಬ್ಬರು ಕೊಟ್ಟ ಮಾತೆ ಮರಿಯಮ್ಮನವರ ಪ್ರತಿಮೆಯನ್ನೂ ಅಲ್ಲಿಯೇ ಇಟ್ಟುಕೊಂಡಿದ್ದರು. ಬ್ರಹ್ಮಚಾರಿಯೊಬ್ಬನ ಸುಖಕ್ಕೆ ಇನ್ನೇನು ಬೇಕು? ಮರುವರ್ಷ, 1858ರ ಜುಲೈ ತಿಂಗಳಿನಲ್ಲಿ, ಜೆಲಿ ಗೆರಿನ್ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. 1860ರಿಂದ 1873ರ ವರೆಗೆ 9 ಮಕ್ಕಳು ಹುಟ್ಟಿದರು. ಅವರಲ್ಲಿ 4 ಮಕ್ಕಳು ಎಳವೆಯಲ್ಲಿಯೇ ತೀರಿಕೊಂಡು ಐವರು ಹೆಣ್ಣುಮಕ್ಕಳು ಉಳಿದರು.

ಲೂಯಿಯವರು ಗಾಳವನ್ನು ಬಿಡಲಿಲ್ಲ. ಅದು ಬದಲಾಯಿತು. ಹೊಳೆಯ ದಂಡೆಯಲ್ಲಿ ಒಬ್ಬರೇ ಕೂರುತ್ತಿದ್ದವರು ಕಿರಿಯ ಮಗಳು ತೆರೇಸಾಳನ್ನು ಜೊತೆಗೆ ಕರೆದೊಯ್ಯತೊಡಗಿದರು. ಆ ಮಗುವಿಗೂ ಒಂದು ಪುಟ್ಟ ಗಾಳದ ಕೋಲು ಸಿಕ್ಕಿತು. ಮೀನು ಹಿಡಿಯುವುದು ಅವಳಿಗೆ ಅಷ್ಟಾಗಿ ಹಿಡಿಸಲಿಲ್ಲ. ದಡದ ಹುಲ್ಲಿನ ಮೇಲೆ ಹೂಗಳ ನಡುವೆ ಸುಮ್ಮನೆ ಕುಳಿತಿರುವುದೇ ಅವಳಿಗೆ ಇಷ್ಟ. ಹಾಗೆ ಕುಳಿತಾಗ ತನ್ನ ಮನಸ್ಸು ಎಷ್ಟು ಆಳಕ್ಕೆ ಇಳಿಯುತ್ತಿತ್ತೆಂಬುದನ್ನು ಮುಂದೆ ಆಕೆಯೇ ಬರೆದಿಟ್ಟಿದ್ದಾರೆ. ಅವರ ಮರಣಾನಂತರ 1898ರಲ್ಲಿ ಆ ಬರಹ ಪುಸ್ತಕವಾಗಿ ಪ್ರಕಟವಾಯಿತು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ತಂದೆ ತನ್ನ ಹವ್ಯಾಸವನ್ನು ಮಗಳ ಮೇಲೆ ಹೇರಲಿಲ್ಲ. ಮೀನು ಹಿಡಿಯಲೇಬೇಕೆಂದು ಗದರಿಸಲಿಲ್ಲ. ತಾನು ಸಂತೋಷವಾಗಿದ್ದ ಜಾಗಕ್ಕೆ ಅವಳನ್ನು ಕರೆದೊಯ್ದು, ಅಲ್ಲಿ ಅವಳು ತನ್ನದೇ ಸಂತೋಷವನ್ನು ಕಂಡುಕೊಳ್ಳಲು ಬಿಟ್ಟರು. ಇಂದು ನಮ್ಮಲ್ಲಿ ಎಷ್ಟೋ ತಂದೆಯರು ತಾವು ಆಡಲಾಗದ ಕ್ರಿಕೆಟ್ಟನ್ನು ಮಗನಿಂದ ಆಡಿಸಲು, ತಾವು ಕಲಿಯಲಾಗದ ಕೀಬೋರ್ಡನ್ನು ಮಗಳಿಗೆ ಕಲಿಸಲು ಶನಿವಾರ ಭಾನುವಾರಗಳನ್ನು ಸುಡುತ್ತಿರುವುದನ್ನು ನೋಡಿದಾಗ, ಆ ಹೊಳೆಯ ದಂಡೆಯ ನೆನಪಾಗದೆ ಇರದು.

ಆ ಮರಿಯಮ್ಮನವರ ಪ್ರತಿಮೆಯ ಕಥೆಯೂ ಹಾಗೆಯೇ. ಒಂಟಿ ಗೋಪುರದಲ್ಲಿದ್ದುದು ಮದುವೆಯ ಬಳಿಕ ಸಂಸಾರದ ಮನೆಗೆ ಬಂದಿತು. 1883ರ ಪೆಂತೆಕೋಸ್ತ್ ಹಬ್ಬದ ದಿನ, ಕಾಯಿಲೆಯಿಂದ ನರಳುತ್ತಿದ್ದ ಹತ್ತು ವರ್ಷದ ತೆರೇಸಾ ನೋಡಿದ್ದು ಇದೇ ಪ್ರತಿಮೆಯ ನಗುಮುಖವನ್ನು.

ಇನ್ನು ಜೆಲಿಯಮ್ಮನವರ ವಿಷಯ. ಪ್ರವಚನಗಳಲ್ಲಿ ಲೂಯಿಯವರ ಗಾಳದ ಪ್ರಸ್ತಾಪ ಬಂದಷ್ಟು ಇದು ಬರುವುದಿಲ್ಲವೆಂಬ ಕಾರಣದಿಂದ ಸ್ವಲ್ಪ ನಿಂತು ಹೇಳಬೇಕೆನಿಸುತ್ತದೆ. ಅಲಾನ್ಸೋನ್ ಪಟ್ಟಣ ಸೂಜಿಯಿಂದ ಹೆಣೆಯುವ ಅತಿ ನವುರಾದ ಲೇಸಿಗೆ ಪ್ರಸಿದ್ಧ. ಮದುವೆಗೆ ಮುಂಚೆ, 1853ರ ಸುಮಾರಿಗೇ, ಆಕೆ ಲೇಸಿನ ಉದ್ಯಮವನ್ನು ಆರಂಭಿಸಿದ್ದರು. ಹೆಣಿಗೆಯ ಹೆಂಗಸರು ತಂದುಕೊಟ್ಟ ತುಂಡುಗಳನ್ನು ಕಣ್ಣಿಗೆ ಕಾಣದಂತೆ ಜೋಡಿಸುವ ಕಠಿಣವಾದ ಕೆಲಸ ಅವರದ್ದು. ಕೌಶಲದಲ್ಲಿ ಅವರಿಗೆ ಹೆಮ್ಮೆಯಿತ್ತು. ಆದರೆ ಅವರು ಬರೆದ ಪತ್ರಗಳಲ್ಲಿ 200ಕ್ಕೂ ಹೆಚ್ಚು ಉಳಿದುಬಂದಿವೆ. ಅವುಗಳಲ್ಲಿ ಈ ಲೇಸು ತನ್ನ ಬದುಕನ್ನು ಎಷ್ಟು ಹಿಂಡುತ್ತಿದೆಯೆಂಬ ದೂರು ಮತ್ತೆ ಮತ್ತೆ ಬರುತ್ತದೆ. ಮಕ್ಕಳ ಕಾಯಿಲೆ, ಮಕ್ಕಳ ಸಾವು, ಗಿರಾಕಿಗಳ ಅವಸರ, ರಾತ್ರಿಯವರೆಗಿನ ಸೂಜಿ. ಗಂಡನಿಗೆ ಹೊಳೆಯ ದಂಡೆಯಿತ್ತು. ಹೆಂಡತಿಗೆ ಏನಿತ್ತು? ಎಲ್ಲರೂ ಮಲಗಿದ ಮೇಲೆ ಬರೆದ ಆ ಪತ್ರಗಳೇ ಆಕೆಯ ಹವ್ಯಾಸವಾಗಿದ್ದುವೇನೋ ಎಂದು ನಮಗೆ ತೋರುತ್ತದೆ. ಸ್ತನದ ಕ್ಯಾನ್ಸರಿನಿಂದ 1877ರ ಆಗಸ್ಟಿನಲ್ಲಿ, 45ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಲೂಯಿಯವರಿಗೆ ಸಲ್ಲಬೇಕಾದ ನ್ಯಾಯವೂ ಸಲ್ಲಲಿ. ಅವರು 1870ರ ವೇಳೆಗೆ ತಮ್ಮ ಗಡಿಯಾರದ ಅಂಗಡಿಯನ್ನೇ ಸೋದರಳಿಯನಿಗೆ ಮಾರಿ, ಪತ್ನಿಯ ಲೇಸಿನ ವ್ಯವಹಾರಕ್ಕೆ ಹೆಗಲು ಕೊಟ್ಟರು. ಪಟ್ಟಣದಿಂದ ಪಟ್ಟಣಕ್ಕೆ ಅಲೆದು ಬೇಡಿಕೆಗಳನ್ನು ತಂದರು. ಗಂಡ ತನ್ನ ಕಸುಬನ್ನು ಮುಚ್ಚಿ ಹೆಂಡತಿಯ ಕಸುಬಿಗೆ ಸಹಾಯಕನಾಗಿ ನಿಲ್ಲುವುದು ಆ ಕಾಲಕ್ಕೆ ಸಾಮಾನ್ಯದ ಮಾತಾಗಿರಲಿಲ್ಲ. ಈ ಕಾಲಕ್ಕೂ ಅಲ್ಲ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಈ ದಂಪತಿಗಳಿಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು.

ನಮ್ಮ ಮಾತಿನ ತಿರುಳು ಇಲ್ಲಿಯೇ ಇದೆ. ಮಕ್ಕಳಾದ ಮೇಲೆ ಗಂಡಸಿನ ಹವ್ಯಾಸ ಸಣ್ಣದಾಗುತ್ತದೆ, ಅಥವಾ ಮಗುವಿನ ಕೈಹಿಡಿದು ಹೊಸ ರೂಪ ತಾಳುತ್ತದೆ. ಹೆಂಗಸಿನ ಹವ್ಯಾಸಕ್ಕೆ ಒದಗುವ ಗತಿ ಬೇರೆ: ಅದು ಮನೆಗೆಲಸವಾಗಿ ಮಾರ್ಪಡುತ್ತದೆ. ಸಂತೋಷಕ್ಕಾಗಿ ಕಸೂತಿ ಹಾಕುತ್ತಿದ್ದವಳು ಶಾಲೆಯ ಸಮವಸ್ತ್ರದ ಗುಂಡಿ ಹೊಲಿಯುತ್ತಾಳೆ. ಹೂವಿನ ಗಿಡಗಳ ಹುಚ್ಚಿದ್ದವಳು ಬೀನ್ಸಿನ ಬಳ್ಳಿಗೆ ಚಪ್ಪರ ಹಾಕುತ್ತಾಳೆ. ಹಾಡುತ್ತಿದ್ದವಳು ಜೋಗುಳ ಹಾಡುತ್ತಾಳೆ, ಮಗು ದೊಡ್ಡದಾದ ಮೇಲೆ ಅದೂ ನಿಲ್ಲುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ನಷ್ಟವಾದಂತೆ ತೋರುವುದಿಲ್ಲ, ಏಕೆಂದರೆ ಸೂಜಿ, ಗಿಡ, ಕಂಠ ಮೂರೂ ಮನೆಯಲ್ಲಿಯೇ ಇವೆ. ಗಾಳದ ಕೋಲು ಮೂಲೆ ಸೇರಿದರೆ ಎಲ್ಲರಿಗೂ ಕಾಣುತ್ತದೆ, ಇದು ಕಾಣುವುದಿಲ್ಲ.

ಇದು ನಮ್ಮ ಕಲ್ಪನೆಯಲ್ಲ. ನಮ್ಮ ದೇಶದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಮನೆ ಮನೆಗೆ ಹೋಗಿ ಕೇಳಿದರು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆಂದೂ ಗಂಡಸರು 97 ನಿಮಿಷ ಕಳೆಯುತ್ತಾರೆಂದೂ ಅವರಿಗೆ ತಿಳಿದುಬಂದಿತು. ಈ 97 ನಿಮಿಷವೂ ಎಲ್ಲ ಗಂಡಸರ ಲೆಕ್ಕವಲ್ಲ. ದಿನದಲ್ಲಿ ಒಮ್ಮೆಯಾದರೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರು ನೂರಕ್ಕೆ ಸುಮಾರು 26 ಮಂದಿ ಮಾತ್ರ. ಅವರ ಸರಾಸರಿ ಅದು. ಉಳಿದ 74 ಮಂದಿಯ ಲೆಕ್ಕ ಸೊನ್ನೆ. ಹವ್ಯಾಸವೆಂಬುದು ಬಿಡುವಿನ ಕೂಸು. ಬಿಡುವು ಯಾರ ಮಡಿಲಲ್ಲಿದೆಯೋ ಕೂಸೂ ಅವರ ಮಡಿಲಲ್ಲಿಯೇ ಇರುವುದು ಸಹಜ.

ಹಾಗೆಂದು ಗಂಡಸರ ಹವ್ಯಾಸಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವು ಮಕ್ಕಳಿಗೆ ಎಷ್ಟು ದೊಡ್ಡ ಆಸ್ತಿಯಾಗಬಲ್ಲವು ಎಂಬುದಕ್ಕೆ ಇಂಗ್ಲೆಂಡಿನ ಜೆ. ಆರ್. ಆರ್. ಟೋಲ್ಕಿನ್ನರೇ ಸಾಕ್ಷಿ. ಬಾಲ್ಯದಲ್ಲಿ ತಾಯಿಯೊಡನೆ ಕಥೋಲಿಕ ಧರ್ಮಸಭೆಗೆ ಸೇರಿ, ಕೊನೆಯವರೆಗೂ ಶ್ರದ್ಧೆಯಿಂದ ನಡೆದುಕೊಂಡವರು ಅವರು. ಇಲ್ಲದ ಭಾಷೆಗಳನ್ನು ಸೃಷ್ಟಿಸುವುದು ಅವರ ವಿಚಿತ್ರ ಹವ್ಯಾಸ. ವ್ಯಾಕರಣ, ಲಿಪಿ, ಶಬ್ದಕೋಶ ಎಲ್ಲವನ್ನೂ ತಮಗಾಗಿಯೇ ಕಟ್ಟಿಕೊಂಡು ಆನಂದಿಸುತ್ತಿದ್ದರು. 1931ರಲ್ಲಿ ಈ ಚಟವನ್ನು ಕುರಿತು ಒಂದು ಉಪನ್ಯಾಸವನ್ನೇ ಮಾಡಿದರು. ಅದನ್ನು ಗುಟ್ಟಿನ ದುರಭ್ಯಾಸವೆಂದು ಹಾಸ್ಯವಾಗಿ ಕರೆದುಕೊಂಡರು. ನಾಲ್ವರು ಮಕ್ಕಳಾದರು. ಗುಟ್ಟಿನ ಹವ್ಯಾಸ ಮಕ್ಕಳ ಕೋಣೆಗೆ ಹರಿಯಿತು. ಹಿರಿಯ ಮಗನಿಗೆ ಮೂರು ವರ್ಷವಾಗಿದ್ದ 1920ರ ಕ್ರಿಸ್ಮಸ್ಸಿನಿಂದ ಮೊದಲುಗೊಂಡು 1943ರ ವರೆಗೆ, ಪ್ರತಿ ವರ್ಷವೂ ಉತ್ತರ ಧ್ರುವದಿಂದ ಕ್ರಿಸ್ಮಸ್ ತಾತ ಬರೆದಂತೆ ನಡುಗುವ ಅಕ್ಷರಗಳಲ್ಲಿ ಅವರು ಮಕ್ಕಳಿಗೆ ಪತ್ರ ಬರೆದರು. ಧ್ರುವದ ಅಂಚೆಚೀಟಿಯನ್ನೂ ಕೈಯಾರೆ ಬಿಡಿಸಿ ಅಂಟಿಸುತ್ತಿದ್ದರು. ಆ ಪತ್ರಗಳಲ್ಲಿ ಬರುವ ಹಿಮಕರಡಿಗೆ ಅದರದೇ ಭಾಷೆ, ಅದರದೇ ಲಿಪಿ!

ಮಕ್ಕಳಿಗೆ ಹೇಳಿದ ಕಥೆಗಳಿಂದಲೇ ‘ಹಾಬಿಟ್’ ಎಂಬ ಪುಸ್ತಕ ಬೆಳೆದು 1937ರಲ್ಲಿ ಪ್ರಕಟವಾಯಿತು. ಮೂರನೆಯ ಮಗ ಕ್ರಿಸ್ಟೋಫರ್ ಕಥೆ ಕೇಳುವಾಗ ತಪ್ಪು ಹಿಡಿಯುವುದರಲ್ಲಿ ನಿಷ್ಣಾತ. ಹಿಂದಿನ ಸಲ ನಾಯಕನ ಬಾಗಿಲಿನ ಬಣ್ಣ ಬೇರೆಯಿತ್ತಲ್ಲ ಎಂದು ಆತ ಆಕ್ಷೇಪಿಸಿದಾಗ ತಂದೆ ಗೊಣಗುತ್ತ ಎದ್ದು ಹೋಗಿ ಗುರುತು ಹಾಕಿಕೊಂಡರಂತೆ. ತಂದೆ ತೀರಿಕೊಂಡ ಮೇಲೆ ಅವರ ಹಸ್ತಪ್ರತಿಗಳ ರಾಶಿಯನ್ನು ದಶಕಗಳ ಕಾಲ ಶೋಧಿಸಿ ಸಂಪಾದಿಸಿದವನು ಅದೇ ಮಗ. ಮಗುವಿನ ಅಡ್ಡಪ್ರಶ್ನೆಯಿಂದ ಹವ್ಯಾಸ ಕುಗ್ಗುವುದಿಲ್ಲ, ಹದವಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ. ಆದರೆ ಆ ಮನೆಯಲ್ಲಿ ಎಡಿತ್ ಎಂಬ ತಾಯಿಯೂ ಇದ್ದರು, ಮದುವೆಗೆ ಮೊದಲು ಪಿಯಾನೊ ನುಡಿಸುವುದರಲ್ಲಿ ಚೆನ್ನಾಗಿ ಪಳಗಿದ್ದವರು. ಅವರ ಪಿಯಾನೊ ಏನಾಯಿತೆಂಬುದನ್ನು ಟೋಲ್ಕಿನ್ನರ ಅಭಿಮಾನಿಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ?

ಇನ್ನೊಂದು ಹೆಸರನ್ನು ಹೇಳಿದರೆ ಕೆಲವರು ಹುಬ್ಬೇರಿಸಬಹುದು. ಚಾರ್ಲ್ಸ್ ಡಾರ್ವಿನ್ನರು ವಿದ್ಯಾರ್ಥಿಯಾಗಿದ್ದಾಗ ಅವರಿಗೆ ಜೀರುಂಡೆ ಹಿಡಿಯುವ ಹುಚ್ಚು. ಎರಡು ಕೈಗಳಲ್ಲಿಯೂ ಒಂದೊಂದು ಜೀರುಂಡೆ ಇರುವಾಗ ಮೂರನೆಯದು ಕಂಡಿತೆಂದು ಕೈಯಲ್ಲಿದ್ದ ಒಂದನ್ನು ಬಾಯಿಗೆ ಹಾಕಿಕೊಂಡು, ಅದು ಕಾರಿದ ರಸಕ್ಕೆ ನಾಲಿಗೆ ಸುಟ್ಟುಕೊಂಡವರು. ಮುಂದೆ ಮಕ್ಕಳಾದ ಮೇಲೆ ತೋಟದಲ್ಲಿ ದುಂಬಿಗಳು ಹಾರುವ ದಾರಿಯನ್ನು ಗುರುತಿಸಲು ಮಕ್ಕಳನ್ನೇ ಅಲ್ಲಲ್ಲಿ ಕಾವಲು ನಿಲ್ಲಿಸಿದರು. ದುಂಬಿ ಬಂದೊಡನೆ ಮಗು ಕೂಗಬೇಕು. ಮುದಿತನದಲ್ಲಿ ಎರೆಹುಳುಗಳಿಗೆ ಕಿವಿ ಕೇಳುತ್ತದೆಯೆ ಎಂದು ಪರೀಕ್ಷಿಸಲು ಪತ್ನಿಯ ಪಿಯಾನೊ, ಮಗನ ಬಸೂನ್ ವಾದ್ಯ ಎಲ್ಲವೂ ಬಳಕೆಗೆ ಬಂದುವು. ಹುಳುಗಳು ಕದಲಲಿಲ್ಲ. ಅವರ ಸಿದ್ಧಾಂತಗಳ ಚರ್ಚೆ ಇಲ್ಲಿ ಬೇಡ. ಮನೆಮಂದಿಯೆಲ್ಲ ಒಂದು ಹವ್ಯಾಸದಲ್ಲಿ ಕೂಡಿಕೊಂಡ ಆ ದೃಶ್ಯ ಮಾತ್ರ ನಮಗೆ ಪ್ರಿಯವಾದದ್ದು.

ದೂರದ ಮಾತು ಸಾಕು. ನಮ್ಮ ಮಲೆನಾಡಿನವರೇ ಆದ ಎಂ. ಕೆ. ಇಂದಿರಾ ಅವರ ಜೀವನವನ್ನು ನೋಡಿ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಶಾಲೆಯ ಓದು ಏಳು ವರ್ಷಗಳದ್ದು, ಹನ್ನೆರಡನೆಯ ವಯಸ್ಸಿಗೇ ಮದುವೆ. ಓದಿನ ಹಂಬಲವನ್ನು ಸಂಸಾರದ ನಡುವೆಯೇ ಕಾಪಾಡಿಕೊಂಡು ಬಂದು, ಕಾದಂಬರಿ ಬರೆಯಲು ಕೈಹಾಕಿದ್ದು 45ರ ಸುಮಾರಿನಲ್ಲಿ. ‘ತುಂಗಭದ್ರಾ’ 1963ರಲ್ಲಿ ಬಂದಿತು, ‘ಫಣಿಯಮ್ಮ’ 1976ರಲ್ಲಿ. ಅದನ್ನು ಪ್ರೇಮಾ ಕಾರಂತರು ಚಲನಚಿತ್ರವಾಗಿಸಿದ್ದನ್ನು ಇಲ್ಲಿರುವ ಹಿರಿಯರು ನೋಡಿಯೇ ಇರುತ್ತೀರಿ. ಮಕ್ಕಳು ದೊಡ್ಡವರಾದ ಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ, ಇಂದಿರಾ ಅವರನ್ನು ನೋಡಿ ಎಂದು ಕಿರಿಯ ತಾಯಂದಿರಿಗೆ ಉಪದೇಶಿಸುವವರನ್ನು ನಾವು ಕೇಳಿದ್ದೇವೆ. ಆ ಉಪದೇಶ ನಮಗೆ ಒಪ್ಪಿಗೆಯಿಲ್ಲ. ಜೆಲಿಯಮ್ಮನವರ ಆಯುಷ್ಯ ಮುಗಿದದ್ದು ಇಂದಿರಾ ಅವರ ಬರವಣಿಗೆ ಆರಂಭವಾದ ವಯಸ್ಸಿನಲ್ಲಿಯೇ. ಕಾದು ಗೆದ್ದವರ ಹೆಸರು ನಮಗೆ ಗೊತ್ತಾಗುತ್ತದೆ. ಕಾಯುತ್ತಲೇ ಉಳಿದವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ಮಕ್ಕಳ ದೃಷ್ಟಿಯಿಂದಲೂ ಇದನ್ನು ನೋಡಬೇಕು. ತಂದೆಯೊಬ್ಬ ಹಾಡುತ್ತ ಗಾಳ ಸರಿಪಡಿಸುವುದನ್ನು ಕಂಡ ಮಗು, ಅಪ್ಪನೆಂದರೆ ಸಂಬಳ ತರುವವನಷ್ಟೇ ಅಲ್ಲ, ಈ ಲೋಕದಲ್ಲಿ ಯಾವುದನ್ನೋ ಪ್ರೀತಿಸುವವನು ಎಂದು ಅರಿಯುತ್ತದೆ. ತಾಯಿಯನ್ನೂ ಹಾಗೆ ಅರಿಯುವ ಅವಕಾಶ ಮಗುವಿಗೆ ಬೇಡವೆ? ಅಡಿಗೆ, ಬಟ್ಟೆ, ಹೋಂವರ್ಕ್ ಇವುಗಳಾಚೆಗೆ ಅಮ್ಮನ ಮುಖ ಯಾವುದಕ್ಕಾಗಿ ಬೆಳಗುತ್ತದೆಂಬುದನ್ನು ನೋಡದೆಯೇ ಎಷ್ಟೋ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ತಾಯಿ ದಣಿದು ಕುಳಿತು ಮೊಬೈಲ್ ಫೋನ್ ನೋಡಿದರೆ ಅದನ್ನೂ ಆಡಿಕೊಳ್ಳುವವರಿದ್ದಾರೆ. ತುಂಡು ತುಂಡಾದ ಬಿಡುವಿನಲ್ಲಿ ಕೈಗೆ ಸಿಗುವುದು ಅದೊಂದೇ ಎಂಬುದು ಅವರಿಗೆ ತೋಚುವುದಿಲ್ಲ. ಪಿಟೀಲಿಗಾಗಲಿ ಕಾದಂಬರಿಗಾಗಲಿ ಬೇಕಾದದ್ದು ಹತ್ತು ಹತ್ತು ನಿಮಿಷದ ಚೂರುಗಳಲ್ಲ. ಯಾರೂ ಕರೆಯದ ಒಂದೂವರೆ ಗಂಟೆ.

ಈಗ ನಮ್ಮ ಧರ್ಮಕೇಂದ್ರಕ್ಕೆ ಬರೋಣ. ಶತಮಾನೋತ್ಸವದ ಪ್ರದರ್ಶನಕ್ಕೆಂದು ಈ ಸಭಾಂಗಣದ ಎಡಗೋಡೆಯ ಮೇಲೆ ಗಾನವೃಂದದ ಹಳೆಯ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಊಟಕ್ಕೆ ಹೋಗುವಾಗ ದಯಮಾಡಿ ನಿಂತು ನೋಡಿ. ಗಂಡಸರ ಸಾಲಿನಲ್ಲಿ ಅವೇ ಮುಖಗಳು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಬರುತ್ತವೆ. ಕೂದಲು ನರೆಯುತ್ತದೆ, ಕನ್ನಡಕ ಬರುತ್ತದೆ, ಹೊಟ್ಟೆಯೂ ಬರುತ್ತದೆ, ಮನುಷ್ಯರು ಅವರೇ. ಹೆಂಗಸರ ಸಾಲಿನಲ್ಲಿ ಪ್ರತಿ ಚಿತ್ರದಲ್ಲಿಯೂ ಹೊಸ ಮುಖಗಳು, ಮತ್ತು ಎಲ್ಲ ಚಿತ್ರಗಳಲ್ಲಿಯೂ ಅವರು ಇಪ್ಪತ್ತರ ಆಸುಪಾಸಿನವರು. ಯಾರಿಗೂ ವಯಸ್ಸಾಗುವುದೇ ಇಲ್ಲ! ಮದುವೆಯಾಗಿ ಬೇರೆ ಊರಿಗೆ ಹೋದವರ ಮಾತು ಬೇರೆ. ಇದೇ ಊರಿನಲ್ಲಿದ್ದು, ಪ್ರತಿ ಭಾನುವಾರ ಬಲಿಪೂಜೆಗೆ ಬಂದು, ಮಗುವನ್ನು ಸುಮ್ಮನಿರಿಸುತ್ತ ದೇವಾಲಯದ ಹಿಂಬದಿಯಲ್ಲಿ ನಿಲ್ಲುವ ಎಷ್ಟೋ ತಾಯಂದಿರು ಒಂದು ಕಾಲಕ್ಕೆ ಆ ಚಿತ್ರಗಳಲ್ಲಿ ಮುಂದಿನ ಸಾಲಿನಲ್ಲಿದ್ದವರು. ಅವರ ಕಂಠ ಎಲ್ಲಿಗೂ ಹೋಗಿಲ್ಲ. ಅಭ್ಯಾಸದ ಹೊತ್ತಿಗೆ ಮಗುವನ್ನು ನೋಡಿಕೊಳ್ಳುವವರು ಇಲ್ಲ, ಅಷ್ಟೆ.

ಆದಕಾರಣ ವಿಚಾರಣಾ ಗುರುಗಳ ಅನುಮತಿ ಪಡೆದು ಒಂದು ಏರ್ಪಾಡನ್ನು ತಮ್ಮ ಮುಂದಿಡುತ್ತಿದ್ದೇವೆ. ಗಾನವೃಂದದ ಅಭ್ಯಾಸ ಭಾನುವಾರ ಸಂಜೆ ನಾಲ್ಕರಿಂದ ಐದೂವರೆಯವರೆಗೆ ನಡೆಯುತ್ತದೆ. ಆ ಹೊತ್ತಿನಲ್ಲಿ ಧರ್ಮೋಪದೇಶದ ಕೋಣೆಯನ್ನು ಮಕ್ಕಳಿಗಾಗಿ ತೆರೆದಿಡಲಾಗುವುದು. ಚಾಪೆಗಳಿವೆ, ಕುಡಿಯುವ ನೀರಿದೆ, ಬಿಸ್ಕತ್ತಿನ ಹೊಣೆಯನ್ನು ಹಿರಿಯರೊಬ್ಬರು ವಹಿಸಿಕೊಂಡಿದ್ದಾರೆ. ಮಕ್ಕಳನ್ನು ನೋಡಿಕೊಳ್ಳಬೇಕಾದವರು ತಂದೆಯರು, ವಾರಕ್ಕೆ ಮೂವರಂತೆ ಸರದಿಯ ಮೇಲೆ. ಏನು ಮಾಡಬೇಕೆಂದು ಕೇಳಬೇಡಿ. ನಿಮ್ಮ ಬೀರುವಿನ ಮೇಲಿರುವುದನ್ನು ಕೆಳಗಿಳಿಸಿ ತನ್ನಿ. ಅಂಚೆಚೀಟಿಯ ಪುಸ್ತಕವಿದ್ದವರು ಅದನ್ನು ತರಲಿ, ಒಂದು ಪುಟ ಕಡಿಮೆಯಿದ್ದರೂ ಚಿಂತೆಯಿಲ್ಲ. ಗಾಳಿಪಟ ಕಟ್ಟಬಲ್ಲವರು ಕಟ್ಟಲಿ. ಗಾಳಕ್ಕೆ ದಾರ ಕಟ್ಟುವ ಗಂಟನ್ನು ಮಕ್ಕಳಿಗೆ ಕಲಿಸಲು ಮೀನು ಬೇಕಾಗಿಲ್ಲ. ಕೊಕ್ಕೆಯನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬನ್ನಿ. ಆ ಒಂದೂವರೆ ಗಂಟೆ ತಾಯಂದಿರು ಗಾನವೃಂದಕ್ಕೇ ಬರಬೇಕೆಂಬ ನಿಯಮವಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕಾದಂಬರಿ ಓದುವವರಿದ್ದರೆ ಅವರನ್ನು ಯಾರೂ ಪ್ರಶ್ನಿಸಬಾರದೆಂದು ಗುರುಗಳೇ ಹೇಳಿದ್ದಾರೆ.

ಹೆಸರು ಬರೆಯುವ ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ, ಪೆನ್ನನ್ನೂ ದಾರದಿಂದ ಕಟ್ಟಿಟ್ಟಿದ್ದೇವೆ. ಮೊದಲ ಮೂರು ವಾರಗಳಿಗೆ ತಂದೆಯರ ಹೆಸರು ಆಗಲೇ ಬಂದಿವೆ. ನಾಲ್ಕನೆಯ ವಾರದಿಂದ ಮುಂದಿನ ಸಾಲುಗಳು ಖಾಲಿಯಿವೆ.